ಕಾರ್ಮಿನ್ ಬಾಯಿಯ ಸೀರೆಗಳು

ಕುಚ್ಚಲಕ್ಕಿ ಗಂಜಿಯ ಹಬೆಗೆ ಡಾಂಬರು ಗುಳಿಗೆ ಸೇರಿದರೆ ಎಂಥ ವಾಸನೆ ಬರುತ್ತದೆ ಎಂದು ಯಾರನ್ನಾದರೂ ಕೇಳಿದರೆ ನಕ್ಕಾರು. ನನಗೆ ಗೊತ್ತು. ಮೊನ್ನೆ ಭಟ್ಕಳಕ್ಕೆ ಹೊರಟವಳು ಹೊನ್ನಾವರದಲ್ಲಿ ಬಸ್ಸು ಕೆಟ್ಟು ಇಳಿಯಬೇಕಾಯಿತು. ಮಳೆ ಹಿಡಿದು ಹೊಯ್ಯುತ್ತಿತ್ತು. ಇನ್ನೊಂದು ಬಸ್ಸು ಬರುವ ತನಕ ನಿಲ್ಲುವುದೆಲ್ಲಿ ಎಂದು ಇಗರ್ಜಿಯ ಹಿಂದಿನ ಓಣಿಗೆ ಹೋಗಿ ಅಲ್ಲಿಯ ಅಡುಗೆಕೋಣೆಯ ಮಾಡಿನ ಕೆಳಗೆ ನಿಂತೆ. ಒಳಗೆ ದೊಡ್ಡ ಪಾತ್ರೆಯಲ್ಲಿ ಗಂಜಿ ಕುದಿಯುತ್ತಿತ್ತು. ಒಲೆಯ ಮೇಲ್ಗಡೆ ಹಗ್ಗದಲ್ಲಿ ಯಾರೋ ಕೊಟ್ಟ ಹಳೆ ಬಟ್ಟೆಗಳು ಒಣಗುತ್ತಿದ್ದವು. ಅದೇ ವಾಸನೆ. ನನ್ನ ಗುರುತಿಲ್ಲದ ಹೊಸ ಹುಡುಗಿಯೊಬ್ಬಳು ಹೊರಗೆ ಇಣುಕಿ ನೋಡಿ, ಏನೂ ಕೇಳದೆ ಒಂದು ಬಟ್ಟಲು ಗಂಜಿ ತಂದು ಕೈಗಿಟ್ಟಳು. ನಾನು ಹಸಿದವಳ ಹಾಗೆ ಕಂಡಿರಬೇಕು. ಬೇಡ ಎನ್ನಲು ಬಾಯಿ ತೆರೆದವಳು ಸುಮ್ಮನೆ ಕುಡಿದೆ.

ಆ ಕೋಣೆಯಲ್ಲಿ ನಾನು ಒಂದು ಮಳೆಗಾಲ ಪೂರ್ತಿ ಕೂತು ಹೊಲಿದಿದ್ದೇನೆ.

ನಾನು ಟೇಲರು. ಮನೆ ಹೊಳನಗದ್ದೆಯಲ್ಲಿ, ಅಂಗಡಿ ಕುಮಟೆಯಲ್ಲಿ. ಆ ವರ್ಷ ಜೂನ್ ಕಳೆಯುವುದರೊಳಗೆ ಸಿಸ್ಟರ್ ಲೀನಾ ಒಂದು ಮೂಟೆ ಹೊರಿಸಿಕೊಂಡು ನನ್ನ ಅಂಗಡಿಗೆ ಬಂದರು. ಮಂಗಳೂರು ಕಡೆಯವರು, ಸಣ್ಣ ಆಳು, ನಡೆಯುವುದು ಮಾತ್ರ ಓಡಿದ ಹಾಗೆ. ಹೊನ್ನಾವರದ ಇಗರ್ಜಿಯ ಹಿಂದೆ ಬಡವರಿಗೆ ಗಂಜಿ ಹಾಕುವುದು, ಬಟ್ಟೆ ಕೊಡುವುದು ಅವರ ಉಸ್ತುವಾರಿ. ಮೂಟೆ ಬಿಚ್ಚಿದರು. ಬಾಂಬೆಯಿಂದ, ಮಂಗಳೂರಿನಿಂದ ಬಂದ ಬಟ್ಟೆ. ಒಂದು ಕಪ್ಪು ಕೋಟು, ಮಿಣಿಮಿಣಿ ಮಿಂಚುವ ಗೌನು, ಜಿಪ್ಪು ಹೋದ ಪ್ಯಾಂಟು, ಒಂಟಿ ಕಾಲುಚೀಲ.

"ಕೊಟ್ಟವರು ಒಳ್ಳೆ ಮನಸ್ಸಿನಿಂದ ಕೊಟ್ಟಿದ್ದಾರೆ ಮಾರಾಯ್ರೆ. ಆದ್ರೆ ಯಾರ ಮೈಗೂ ಆಗುದಿಲ್ಲ" ಎಂದರು.

"ಮನಸ್ಸು ಒಳ್ಳೇದಿದ್ರೆ ಆತಾ? ಹೊಳೆದಂಡೆ ಹೆಂಗಸು ಈ ಗೌನು ಹಾಕ್ಕಂಡು ಎಲ್ಲಿಗೆ ಹೋಗ್ಬೇಕು?"

"ಅದಕ್ಕೇ ನಿಮ್ಮತ್ರ ಬಂದದ್ದು. ಒಂದು ವಾರ ಬನ್ನಿ."

"ನಂಗೆ ನಿಮ್ಮ ಪ್ರಾರ್ಥನೆ ಗಿರ್ಥನೆ ಬರೂದಿಲ್ಲ. ಮೊದ್ಲೇ ಹೇಳ್ತೆ."

"ಪ್ರಾರ್ಥನೆ ನಾವು ಮಾಡ್ತೇವೆ. ನೀವು ಗುಂಡಿ ಹಚ್ಚಿ" ಎಂದರು ಸಿಸ್ಟರ್.

ಈ ಉತ್ತರಕ್ಕೆ ನಾನು ಸೋತೆ. ಹೇಗೂ ರೆಡಿಮೇಡು ಬಂದ ಮೇಲೆ ಮಳೆಗಾಲದಲ್ಲಿ ನನ್ನ ಅಂಗಡಿಗೆ ನೊಣ ಬಿಟ್ಟರೆ ಬೇರೆ ಗಿರಾಕಿ ಇರಲಿಲ್ಲ. ಒಂದು ವಾರ ಎಂದು ಹೋದವಳು ಸೆಪ್ಟೆಂಬರಿನ ತೆನೆ ಹಬ್ಬದ ತನಕ ದಿನಾ ಬೆಳಗಿನ ಬಸ್ಸು ಹಿಡಿದು ಹೊನ್ನಾವರಕ್ಕೆ ಹೋದೆ. ಊರಲ್ಲಿ ಸುದ್ದಿಯಾಗದೆ ಇರುತ್ತದೆಯೇ? ಪಕ್ಕದ ಮನೆಯ ಹೆಂಗಸು ಬೇಲಿಯ ಆಚೆಯಿಂದ ನಮ್ಮ ಮನೆಯವರಿಗೆ, "ನಿಮ್ಮ ಸರೋಜಕ್ಕ ಒಂದಿನ ಶಿಲುಬೆ ಹಾಕ್ಕಂಡೇ ಬತ್ತಾರೆ, ನೋಡ್ತಾ ಇರಿ" ಎಂದಳು. "ಹಾಕ್ಕಂಡ್ರೆ ಹಾಕ್ಕಳ್ಲಿ. ಮನೇಲಿ ಬಯ್ಯೂದು ಕಮ್ಮಿ ಆದ್ರೆ ಸಾಕಾಗಿತ್ತು" ಎಂದರಂತೆ ಇವರು. ಶಿಲುಬೆಯನ್ನು ನಾನು ಹಾಕಿಕೊಳ್ಳಲಿಲ್ಲ, ಹಾಕಿಕೋ ಎಂದು ಯಾರೂ ಹೇಳಲೂ ಇಲ್ಲ. ಬಯ್ಯುವುದೂ ಕಡಿಮೆಯಾಗಲಿಲ್ಲ.

ಅಡುಗೆಕೋಣೆಗೂ ಬಟ್ಟೆಕೋಣೆಗೂ ನಡುವೆ ಅರ್ಧ ಗೋಡೆ. ಆಚೆ ಗಂಜಿ, ಈಚೆ ನನ್ನ ಕಾಲುಮಷಿನ್ನು. ಒಗೆದ ಬಟ್ಟೆ ಆ ಮಳೆಯಲ್ಲಿ ಎಲ್ಲಿ ಒಣಗಬೇಕು, ಒಲೆಯ ಮೇಲೇ ಹಗ್ಗ ಕಟ್ಟಿದ್ದರು. ನಾನು ಕೊಟ್ಟ ಒಂದೊಂದು ಲಂಗ, ಒಂದೊಂದು ಶರಟೂ ಗಂಜಿಯ ವಾಸನೆ ಹೊತ್ತೇ ಹೋಗುತ್ತಿತ್ತು. ಹರಿದದ್ದನ್ನು ಹಾಗೇ ಕೊಡಬಾರದು, ಅಳತೆ ತೆಗೆಯದೆ ಕೊಡಬಾರದು ಎಂದು ನಾನು ಹಟ ಹಿಡಿದೆ. ಸಿಸ್ಟರ್‌ಗೆ ಬೇಗ ಬೇಗ ಆಗಬೇಕು. "ಜನ ಒದ್ದೆಯಲ್ಲಿ ನಿಂತಿದ್ದಾರೆ ಸರೋಜಕ್ಕ, ನೀವು ಟೇಪು ಹಿಡ್ಕೊಂಡು ಕೂತಿದ್ದೀರಿ" ಎಂದು ಅವರು, "ದೊಗಳೆ ಹಾಕ್ಕಂಡು ಎಡವಿ ಬೀಳ್ಲಾ?" ಎಂದು ನಾನು. ದಿನಾ ಜಗಳ. ಭಟ್ಕಳದ ನವಾಯತ ಸಾಹೇಬರೊಬ್ಬರು, ಬಟ್ಟೆ ಅಂಗಡಿಯವರು, ಲಂಗಕ್ಕೆಂದು ಹೊಸ ಬಟ್ಟೆಯ ಥಾನು ಬಸ್ಸಿನ ಮೇಲೆ ಹಾಕಿ ಕಳಿಸುತ್ತಿದ್ದರು. ಎಲ್ಲ ಒಂದೇ ಬಣ್ಣ, ಕೆಸರು ಬಣ್ಣ. ಬೇರೆ ಬಣ್ಣ ಕಳಿಸಿ ಎಂದು ಫೋನು ಮಾಡಿದ್ದಕ್ಕೆ "ಒಳಗೆ ಹಾಕೋದಲ್ವಾ ಬಾಯಿ, ಯಾರು ನೋಡ್ತಾರೆ?" ಎಂದರು. ಮಾತು ಸರಿಯೇ, ಆದರೂ ನನಗೆ ಸಿಟ್ಟು ಬಂದಿತ್ತು.

ಜುಲೈನಲ್ಲಿ ಮಳೆ ನಿಲ್ಲಲೇ ಇಲ್ಲ. ಮೇಲಿನ ಅಣೆಕಟ್ಟಿನ ಬಾಗಿಲು ತೆಗೆಯುತ್ತಾರೆ, ದಂಡೆಯವರು ಮೇಲೆ ಬನ್ನಿ ಎಂದು ಮೈಕು ಕಟ್ಟಿದ ಜೀಪು ಕೂಗುತ್ತ ಹೋಯಿತು. ಶರಾವತಿ ಕೆಂಪಗೆ ಉಕ್ಕಿ ತೋಟಗದ್ದೆಯೊಳಗೆ ಬಂತು. ದಂಡೆಯ ಕೇರಿಯವರನ್ನು ಶಾಲೆಯಲ್ಲಿ ಇಳಿಸಿದರು. ಮಳೆಗಾಲವೆಂದು ಮೀನುಗಾರಿಕೆ ಮೊದಲೇ ಬಂದ್, ಈಗ ತರಕಾರಿಯೂ ಹೋಯಿತು. ಗಂಜಿಯ ಪಾತ್ರೆ ಒಂದಿದ್ದದ್ದು ಮೂರಾಯಿತು. ನೀರಿಳಿದ ಮೇಲೆ ಜನ ಮನೆಗೆ ಮರಳಿದರು. ಆದರೆ ಮರಳಿದ ಮನೆಯಲ್ಲಿ ಕೆಸರು ಬಿಟ್ಟರೆ ಎಂತ ಇತ್ತು? ಮಧ್ಯಾಹ್ನ ಸಿಸ್ಟರ್ ತಟ್ಟೆ ಬಡಿದು ಸದ್ದು ಮಾಡಿದರೆ ಪಾತ್ರೆ ಹಿಡಿದು ಬರುತ್ತಿದ್ದರು.

ಅವರಲ್ಲಿ ಒಬ್ಬಳು ಗಣಪಿ. ದಂಡೆಯಲ್ಲಿ ಹರಿವೆ, ಬಸಳೆ, ಮೂಲಂಗಿ ಬೆಳೆದು ಬುಟ್ಟಿಯಲ್ಲಿ ಹೊತ್ತು ಪೇಟೆಯಲ್ಲಿ ಮಾರುವವಳು. ಹೆಚ್ಚುಕಡಿಮೆ ನನ್ನದೇ ಪ್ರಾಯ, ನನ್ನ ಹಾಗೇ ಬಾಯಿ ಜೋರು. ಉಟ್ಟ ಸೀರೆಯೊಂದು ಬಿಟ್ಟು ಎಲ್ಲ ಹೊಳೆಗೆ ಹೋಗಿತ್ತು. ನಾನು ಒಂದು ಸೀರೆ ತೆಗೆದು ಹಿಡಿದರೆ ಅವಳು ಕೈ ಚಾಚಲಿಲ್ಲ.

"ಇದು ಯಾರು ಉಟ್ಟದ್ದು?" ಎಂದಳು.

"ನಂಗೆಂತ ಗೊತ್ತು? ಬಾಂಬೆಯಿಂದ ಬಂದದ್ದು."

"ಇದ್ದವ್ರದ್ದಾ, ಸತ್ತವ್ರದ್ದಾ?"

"ಗೊತ್ತಿಲ್ಲೆ ಮಾರಾಯ್ತಿ."

"ಹಂಗಾರೆ ಬ್ಯಾಡ ಬಿಡಿ" ಎಂದು ಸಾಹೇಬರ ಕೆಸರು ಬಣ್ಣದ ಹೊಸ ಬಟ್ಟೆಯಲ್ಲಿ ಒಂದು ಲಂಗ ಮಾತ್ರ ಹೊಲಿಸಿಕೊಂಡು ಹೋದಳು. ಅವರ ಕೇರಿಯಲ್ಲಿ ಸತ್ತವರ ಬಟ್ಟೆ ಹೊಳೆಗೆ ಬಿಡುತ್ತಾರೆ, ಬೇರೆ ಮನೆಯ ಸತ್ತವರದ್ದಂತೂ ಮುಟ್ಟುವುದಿಲ್ಲ. ಅವಳೊಬ್ಬಳೇ ಅಲ್ಲ, ಕೇರಿಯ ಎಲ್ಲ ಹೆಂಗಸರೂ ಇದನ್ನೇ ಕೇಳುತ್ತಿದ್ದರು. ಗತಿ ಇಲ್ಲದಿದ್ದರೂ ಎಷ್ಟು ಬಿಂಕ ನೋಡು ಎಂದು ಒಳಗಿಂದ ಯಾರೋ ಅಂದರು. ನನಗೆ ಹಾಗೆ ಅನ್ನಿಸಲಿಲ್ಲ. ನನ್ನ ಅತ್ತೆ ತೀರಿಕೊಂಡಾಗ ಅವರ ಸೀರೆಯನ್ನು ನಾನೂ ಮುಟ್ಟಿರಲಿಲ್ಲ.

ಆಗಸ್ಟಿನಲ್ಲಿ ಅಂತೋನಿ ಮಾಮ ಆಟೊದಲ್ಲಿ ಒಂದು ಟ್ರಂಕು ತಂದರು. ಮೊದಲು ಹಡಗಿನಲ್ಲಿ ಅಡುಗೆ ಮಾಡಿಕೊಂಡಿದ್ದು, ನಿವೃತ್ತರಾಗಿ ಊರಿಗೆ ಬಂದವರು. ಬಿಳಿ ಮೀಸೆ, ಇಸ್ತ್ರಿ ಮುರಿಯದ ಪ್ಯಾಂಟು. ಈ ಗಂಜಿಯ ಕೆಲಸ ಶುರುಮಾಡಿದ್ದೇ ಅವರ ಹೆಂಡತಿ ಕಾರ್ಮಿನ್ ಬಾಯಿ. ಇಗರ್ಜಿಯವರು ಕೋಣೆ ಕಟ್ಟಿಸುವ ಮೊದಲು ಎಷ್ಟೋ ಮಳೆಗಾಲ ತಮ್ಮ ಮನೆಯ ಜಗಲಿಯಲ್ಲೇ ದಂಡೆಯವರಿಗೆ ಬಡಿಸಿದ್ದರಂತೆ. ಬಾಯಿ ತೀರಿಕೊಂಡು ವರ್ಷ ದಾಟಿತ್ತು. ಈಗ ಒಬ್ಬಳೇ ಮಗಳು ರೀಟಾಳ ಮದುವೆ. ಹುಡುಗನೂ ಹಡಗಿನವನೇ, ರಜೆ ಸಿಕ್ಕಿದ್ದು ಆಗಲೇ. ಹಾಗಾಗಿ ಅಷ್ಟು ಮಳೆಯಲ್ಲಿ ಮದುವೆ.

"ನಮ್ಮ ಮನೆಯಲ್ಲಿ ಒಂದು ಪದ್ಧತಿ ಉಂಟು, ಸರೋಜಾಬಾಯಿ" ಎಂದರು. ಮದುವೆಗೆ ಮುಂಚೆ ಬಡವರನ್ನು ಕರೆದು ಊಟ ಹಾಕುವುದು. ಆ ಊಟ ಮನೆಯಲ್ಲಿ ತೀರಿಕೊಂಡವರ ಹೆಸರಿನಲ್ಲಿ. ಮದುಮಗಳೇ ಬಡಿಸಬೇಕು. ಬಂದವರು ಉಂಡರೆ ತೀರಿಕೊಂಡವರು ಉಂಡ ಹಾಗೆ, ಅವರನ್ನೂ ಮದುವೆಗೆ ಕರೆದ ಹಾಗೆ. ಉಂಡವರಿಗೆ ಬಟ್ಟೆ ಕೊಟ್ಟು ಕಳಿಸಬೇಕು. "ಕಾರ್ಮಿನಳ ಸೀರೆಯೇ ಕೊಡುವ ಅಂತ. ನೀವು ಸ್ವಲ್ಪ ಸರಿಮಾಡಿ ಕೊಡಿ. ನಾನು ಇದನ್ನು ತೆರೆದಿಲ್ಲ. ರೀಟಾ ಸಹ ತೆರೆದಿಲ್ಲ. ನಮ್ಮಿಂದ ಆಗುದಿಲ್ಲ."

ದಂಡೆಯವರು ಸತ್ತವರ ಸೀರೆ ಮುಟ್ಟುವುದಿಲ್ಲ ಎಂಬುದು ನೆನಪಾಯಿತು, ಆದರೆ ಕಾರ್ಮಿನ್ ಬಾಯಿಯ ಗಂಜಿ ಉಂಡವರು ಅವರ ಸೀರೆ ಬೇಡ ಎನ್ನಲಾರರು ಎಂದುಕೊಂಡೆ. ಮಾಮ ಹೋದ ಮೇಲೆ ಟ್ರಂಕು ತೆರೆದೆ. ಡಾಂಬರು ಗುಳಿಗೆಯ ವಾಸನೆ ಗಪ್ಪೆಂದು ಮೂಗಿಗೆ ಹೊಡೆಯಿತು. ಒಳ್ಳೊಳ್ಳೆ ವಾಯಿಲು, ಕಾಟನ್ನು ಸೀರೆಗಳು, ಮಡಿಕೆ ಮುರಿಯದೆ ಇದ್ದವು. ಬಿಡಿಸಿ ನೋಡಿದರೆ ಒಂದೊಂದರಲ್ಲೂ ಮೊಣಕಾಲಿನ ಎತ್ತರಕ್ಕೆ ಸಣ್ಣ ಸಣ್ಣ ತೂತು. ಇಲಿಯೇನೋ ಎಂದುಕೊಂಡೆ. ಇಲಿ ಒಂದೇ ಎತ್ತರದಲ್ಲಿ ಕಡಿಯುವುದಿಲ್ಲವಲ್ಲ. ಒಲೆಯ ಕಿಡಿ ಹಾರಿ ಆದ ತೂತು ಅವು. ದೊಡ್ಡ ಪಾತ್ರೆ ಇಟ್ಟು ಸೌದೆ ಒಲೆಯ ಮುಂದೆ ನಿಂತವರ ಸೀರೆಗೆಲ್ಲ ಅಲ್ಲೇ ಕಿಡಿ ತಾಗುವುದು. ನಾನು ಬಾಯಿಯನ್ನು ಒಮ್ಮೆಯೂ ನೋಡಿದವಳಲ್ಲ. ಅವತ್ತು ಅವರ ಮೇಲೆ ನನಗೆ ಪ್ರೀತಿ ಹುಟ್ಟಿತು. ಬಣ್ಣಕ್ಕೆ ಬಣ್ಣ ಹೊಂದಿಸಿ ದಾರ ಹುಡುಕಿ ಎಲ್ಲ ತೂತುಗಳನ್ನೂ ರಫು ಮಾಡಿದೆ.

ಗಂಜಿಗೆ ಬಂದವರಿಗೆ ಸಿಸ್ಟರ್ ಲೀನಾ ಎಲ್ಲರಿಗೂ ಕೇಳುವ ಹಾಗೆ ಗಟ್ಟಿಯಾಗಿ ಹೇಳಿದರು. ಬುಧವಾರ ಅಂತೋನಿ ಮಾಮನ ಮನೆಯಲ್ಲಿ ಊಟ, ತೀರಿಕೊಂಡ ಬಾಯಿಯ ಹೆಸರಿನಲ್ಲಿ, ಅವರದೇ ಸೀರೆ ಕೊಡುತ್ತಾರೆ, ಎಲ್ಲರೂ ಬನ್ನಿ. ಇದ್ದದ್ದನ್ನು ಇದ್ದ ಹಾಗೆ ಹೇಳುವ ಹೆಂಗಸು ಅವರು. "ಆತು ಸಿಸ್ಟ್ರೇ", "ಆತು, ಬತ್ರು" ಎಂದು ಎಲ್ಲರೂ ತಲೆಯಾಡಿಸಿದರು. ಅಂತೋನಿ ಮಾಮ ಹಂದಿ, ಕೋಳಿ ಎಲ್ಲ ಬಿಡಿಸಿದರು. ಶ್ರಾವಣ ಅಲ್ಲವೇ, ದಂಡೆಯವರು ತಿನ್ನುವುದಿಲ್ಲ ಎಂದು. ಬೇಳೆ ಸಾರು, ಸೌತೆಕಾಯಿ ಹುಳಿ, ಕಡಲೆಬೇಳೆ ಪಾಯಸ. ಅಷ್ಟು ಯೋಚನೆ ಮಾಡುವ ಮನುಷ್ಯ.

ಬುಧವಾರ ಒಬ್ಬರೂ ಬರಲಿಲ್ಲ.

ಜಗಲಿಯಲ್ಲಿ ಬಾಳೆಲೆ ಹಾಕಿ, ನೀರು ಚಿಮುಕಿಸಿ ಇಟ್ಟಿತ್ತು. ಬೆಳಗಿನಿಂದ ಮಳೆ ಸಣ್ಣಗೆ ಹನಿಯುತ್ತಿತ್ತು, ಬರಲಾಗದಷ್ಟು ಜೋರಾಗಿ ಏನೂ ಇರಲಿಲ್ಲ. ಅಂತೋನಿ ಮಾಮ ಗೇಟಿನ ಹತ್ತಿರ ಕೊಡೆ ಹಿಡಿದು ನಿಂತರು. ರೀಟಾ ಕೈಯಲ್ಲಿ ಸೌಟು ಹಿಡಿದು ಬಾಗಿಲಲ್ಲಿ. ಅನ್ನ ಆರಿತು. ಸಿಸ್ಟರ್ ಮೆಲ್ಲಗೆ ಹೋಗಿ, "ಬಸ್‌ಸ್ಟ್ಯಾಂಡಿನಿಂದ ನಾಲ್ಕು ಜನ ಕರ್ಕೊಂಡು ಬರ್ಲಾ? ಹಸಿದವರೇ ಅಲ್ವಾ ಅವ್ರೂ?" ಎಂದು ಕೇಳಿದರು.

"ಹಸಿದವರಿಗೆ ಕೊಡಿ, ಎಲ್ಲ ತಕೊಂಡು ಹೋಗಿ ಕೊಡಿ. ಆದ್ರೆ ಇದು ಎಲೆ ತುಂಬಿಸುವ ಊಟ ಅಲ್ಲ ಸಿಸ್ಟರ್. ಕಾರ್ಮಿನ್ ಬಡಿಸಿದವರು ಬರಬೇಕಿತ್ತು." ಅವರು ಕೊಡೆ ಮಡಚಿದರು. "ಅವಳನ್ನು ಕರೆಯದೆ ಶನಿವಾರ ನಾನು ಮಗಳ ಕೈ ಹಿಡಿದು ಇಗರ್ಜಿಗೆ ಹೇಗೆ ಹೋಗ್ಲಿ? ಅವಳೇನು ಮಾಡಿದ್ದಳು ಇವರಿಗೆ?"

ಗಂಡಸು ಅಳುವುದನ್ನು ನೋಡಲು ನನ್ನಿಂದಾಗದು. ಸಿಸ್ಟರ್ ಅನ್ನವನ್ನು ಸರಕಾರಿ ಆಸ್ಪತ್ರೆಯಲ್ಲಿ ರೋಗಿಗಳ ಜೊತೆ ಬಂದವರಿಗೆ ಸಾಗಿಸಿದರು. ನನಗೆ ಮೈಯೆಲ್ಲ ಉರಿದು, ಸೀದಾ ದಂಡೆಯ ಕೇರಿಗೆ ಹೋದೆ.

ಗಣಪಿ ಮನೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಕೆಸರು ತೋಡಿ ಪಾತಿ ಮಾಡುತ್ತಿದ್ದಳು.

"ಎಂತಕ್ಕೆ ಬರ್ಲಿಲ್ಲ ಗಣಪಿ? ಆತು ಆತು ಅಂದು ತಲೆ ಆಡ್ಸದ್ದು ಎಂತಕ್ಕೆ ಹಂಗಾರೆ? ಆ ಮುದುಕ ಗೇಟಲ್ಲಿ ನಿಂತು ನಿಂತು ಸೋತ. ವರ್ಷ ವರ್ಷ ಅವ್ರ ಮನೆ ಗಂಜಿ ಉಂಡವ್ರಲ್ದಾ ನೀವು?"

ಅವಳು ಏಳಲಿಲ್ಲ. "ಕೂಗಬ್ಯಾಡಿ ಅಕ್ಕಾ. ಗಂಜಿ ಉಂಡದ್ದು ಹೌದು. ಇಲ್ಲ ಅಂದ್ರೆ ನಾಲ್ಗೆಗೆ ಹುಳ ಬಿದ್ದೀತು. ಆದ್ರೆ ಇದು ಗಂಜಿಯಾ? ಇದು ತಿಥಿ ಊಟ. ತಿಥಿ ಊಟಕ್ಕೆ ಹಂಗೇ ಹೋಗಿ ಕೂತ್ಕಳ್ಳೂಕೆ ನಾವೆಂತ ಅವ್ರ ನೆಂಟ್ರಾ? ನೀವು ಹೋತ್ರಾ, ಕರೀದೆ?"

"ಸಿಸ್ಟರ್ ಕರೆದ್ರಲ್ಲ."

"ತಟ್ಟೆ ಬಡ್ದು ಕರೆದ್ರು. ಗಂಜಿಗೆ ತಟ್ಟೆ ಬಡೀಲಿ, ನಾವೇ ಓಡ್ಕಂಡು ಹೋತ್ರು. ಮದ್ವೆಮನೆ ಊಟಕ್ಕೆ ಮನೆಯವ್ರು ಬಂದು ಕರೀಬೇಕು. ಕಾರ್ಮಿನ್ ಬಾಯಿ ಇದ್ದಾಗ ಗಂಜಿಗೂ ತಟ್ಟೆ ಬಡೀತಿರ್ಲಿಲ್ಲ. ಕೇರಿ ಬಾಗ್ಲಿಗೆ ಬಂದು, ಗಣಪಿ ಬಾ, ಮಾದೇವಿ ಬಾ, ಅಂದು ಹೆಸ್ರು ಹಿಡ್ದು ಕರೀತಿದ್ರು. ಹಂಗಾಗಿ ಹೋತಿದ್ದದ್ದು ನಾವು. ಹಸಿವು ಒಂದೇ ಅಲ್ಲ."

ನಮ್ಮ ಹೊಳನಗದ್ದೆಯಲ್ಲೂ ಅಷ್ಟೆ. ಮನೆಗೆ ಬಂದು ಕರೆಯದ ಮದುವೆಗೆ ಸ್ವಂತ ಅಣ್ಣನೂ ಹೋಗುವುದಿಲ್ಲ. ಬಡವರಿಗೂ ಅದೇ ಲೆಕ್ಕ ಎಂದು ನಮ್ಮ ಯಾರ ತಲೆಗೂ ಬಂದಿರಲಿಲ್ಲ. ಕೋಳಿ ಬಿಡಿಸಿದ್ದರು, ಕರೆಯುವುದನ್ನು ಬಿಟ್ಟಿದ್ದರು.

"ಸೀರೆ?" ಎಂದೆ. "ಅವ್ರು ಬಂದು ಕರೆದ್ರೆ ಬಾಯಿ ಸೀರೆ ತಕಂತ್ರಾ?"

ಗಣಪಿ ಕೈಯ ಕೆಸರು ಒರೆಸಿಕೊಂಡಳು. "ಸತ್ತವ್ರ ಸೀರೆ ನಂಗೆ ಆಗೂದಿಲ್ಲ. ಆದ್ರೆ ತಾಯಿ ಸೀರೆ ಮಗ್ಳಿಗೆ ದೋಷ ಇಲ್ಲ. ಮಗ್ಳು ಒಂದ್ಸಲ ಮೈಮೇಲೆ ಹಾಕಂಡ್ರೆ ಅದು ಮಗ್ಳ ಸೀರೆ ಆತು. ಇದ್ದವ್ರ ಸೀರೆ. ಆಮೇಲೆ ಕೊಟ್ರೆ ನಾ ಉಡೂಕೆ ಎಂತ?"

ಅಂತೋನಿ ಮಾಮನಿಗೆ ಹೋಗಿ ಹೇಳಿದೆ. ಬೇಜಾರಾದೀತು ಎಂದುಕೊಂಡಿದ್ದೆ. ಅವರು, "ಸಾಂಬ್ರಾಣಿ ನಾನು. ಕುಂದಾಪುರದ ತನಕ ನೆಂಟರ ಮನೆಗೆ ಹೋಗಿ ಕರೆದು ಬಂದೆ, ಇಲ್ಲೇ ಕೆಳಗೆ ಇಳಿಯಲಿಲ್ಲ" ಎಂದು ಎದ್ದು ಚಪ್ಪಲಿ ಹುಡುಕಿದರು.

ಅವತ್ತೇ ಮಧ್ಯಾಹ್ನ ಮೇಲೆ ನಾನೂ ಅವರೂ ದಂಡೆಗೆ ಇಳಿದೆವು. ಇಸ್ತ್ರಿ ಪ್ಯಾಂಟು ಮೊಣಕಾಲಿನ ತನಕ ಕೆಸರಾಯಿತು. ಒಂದೊಂದು ಬಾಗಿಲಲ್ಲೂ ನಿಂತು ಕೊಡೆ ಮಡಚಿ, ಕೈ ಮುಗಿದು, ಅದೇ ಮಾತು. "ನಮ್ಮ ರೀಟಾಳ ಮದುವೆ. ನಾಳೆ ಅವಳ ಅಮ್ಮನ ಹೆಸರಿನ ಊಟ. ಶನಿವಾರ ಇಗರ್ಜಿಯಲ್ಲಿ ಮದುವೆ. ಎರಡಕ್ಕೂ ಬರಬೇಕು." ಕರೆಯಲು ಬಂದವರನ್ನು ಬರಿಬಾಯಲ್ಲಿ ಕಳಿಸುವ ಕ್ರಮ ನಮ್ಮಲ್ಲಿಲ್ಲ. ಗೋಡೆ ಬಿದ್ದ ಮನೆಯಲ್ಲೂ ಎಲ್ಲಿಂದಲೋ ಒಂದು ಮಣೆ ಬಂತು, ಬೆಲ್ಲ ಬಂತು, ನೀರು ಬಂತು. ಅಂತೋನಿ ಮಾಮನಿಗೆ ಸಕ್ಕರೆ ಕಾಯಿಲೆ. ನಾನು ಕಣ್ಸನ್ನೆ ಮಾಡಿದರೂ ಕೇಳದೆ ಎಲ್ಲ ಮನೆಯಲ್ಲೂ ಬೆಲ್ಲ ಬಾಯಿಗೆ ಹಾಕಿ ನೀರು ಕುಡಿದರು. ಮೇಲೆ ಹತ್ತಿ ಬರುವಾಗ ಹೇಳಿದರು, "ಇಷ್ಟು ವರ್ಷ ಇವರು ನಮ್ಮ ಮನೆಯಲ್ಲಿ ಉಂಡರು. ನಾನು ಇವರ ಮನೆಯ ನೀರು ಕುಡಿದದ್ದು ಇವತ್ತೇ."

ಮರುದಿನ ಬಂದರು. ತಲೆ ಬಾಚಿ, ಹೂ ಮುಡಿದು, ಇದ್ದದ್ದರಲ್ಲಿ ಒಳ್ಳೆಯದು ಉಟ್ಟು, ಮಕ್ಕಳನ್ನು ಎತ್ತಿಕೊಂಡು ಬಂದರು. ಪಾತ್ರೆ ಯಾರೂ ತಂದಿರಲಿಲ್ಲ. ಎಲೆ ಸಾಲದೆ ಹಿತ್ತಲಿನಿಂದ ಮತ್ತೆ ಕೊಯ್ದು ತಂದೆವು. ರೀಟಾ ಬಡಿಸಿದಳು. ಕೂತು ಉಣ್ಣುವವರಿಗೆ ಸಂಕೋಚ, ಬಡಿಸುವವಳಿಗೆ ಇನ್ನೂ ಸಂಕೋಚ. ಗಣಪಿಯೇ "ನಿನ್ನ ಅಮ್ಮ ಇಷ್ಟು ಚೂರು ಪಾಯ್ಸ ಹಾಕ್ತಿರ್ಲಿಲ್ಲ ಮಗಾ" ಎಂದು ಎಲೆ ಮುಂದೆ ಮಾಡಿದಳು. ಎಲ್ಲರೂ ನಕ್ಕರು. ಆಮೇಲೆ ಸಲೀಸಾಯಿತು. ನಾನೂ ಸಾಲಿನ ಕೊನೆಯಲ್ಲಿ ಕೂತು ಉಂಡೆ.

ಊಟ ಮುಗಿದ ಮೇಲೆ ಟ್ರಂಕು ಜಗಲಿಗೆ ಬಂತು. ರೀಟಾಗೆ ಹಿಂದಿನ ದಿನವೇ ಹೇಳಿದ್ದೆ. ಆಗ ಹೂಂ ಅಂದಿದ್ದಳು. ಈಗ ಟ್ರಂಕಿನ ಮುಂದೆ ಕೂತವಳ ಕೈ ಮೇಲೇಳಲಿಲ್ಲ. ನಾನೇ ಮೇಲಿನದನ್ನು ತೆಗೆದು, ಕಡಲಹಸಿರು ಬಣ್ಣದ್ದು, ಅವಳ ಹೆಗಲಿಗೆ ಹೊದಿಸಿದೆ. ಅವಳು ಸೆರಗನ್ನು ಮೂಗಿಗೆ ಹಿಡಿದಳು. ಡಾಂಬರು ಗುಳಿಗೆ ಬಿಟ್ಟರೆ ಇನ್ನೆಂತ ವಾಸನೆ ಇರಬೇಕು ಅದರಲ್ಲಿ? ಇತ್ತೋ ಏನೋ, ಅವಳಿಗೇ ಗೊತ್ತು. ಸೀರೆಯನ್ನು ಸುತ್ತ ಸುತ್ತಿಕೊಂಡು ನಿಂತಾಗ ಮೊಣಕಾಲಿನ ಹತ್ತಿರ ನನ್ನ ರಫು ಕಂಡಿತು.

"ಇದೆಂತ ಅಕ್ಕಾ?"

"ನಿನ್ನ ಅಮ್ಮನ ಒಲೆ ಕಿಡಿ" ಎಂದೆ.

ಅವಳು ಅಲ್ಲಿಯೇ ಅತ್ತಳು. ಯಾರೂ ಸುಮ್ಮನಿರು ಎನ್ನಲಿಲ್ಲ. ಅತ್ತು ಮುಗಿಸಿ, ಸೀರೆ ಬಿಚ್ಚಿ ಮಡಚಿ ಗಣಪಿಯ ಕೈಗಿಟ್ಟಳು. ಗಣಪಿ ಈ ಸಲ ಯಾರು ಉಟ್ಟದ್ದು ಎಂದು ಕೇಳಲಿಲ್ಲ, ಕಣ್ಣಿಗೊತ್ತಿಕೊಂಡು ತೆಗೆದುಕೊಂಡಳು. ಆಮೇಲೆ ಇನ್ನೊಂದು, ಮತ್ತೊಂದು. ಒಂದೊಂದನ್ನೂ ರೀಟಾ ಮೈಮೇಲೆ ಹಾಕಿಕೊಂಡಳು, ಕೊಟ್ಟಳು. ಬಾಗಿಲ ಸಂದಿಯಲ್ಲಿ ಅಂತೋನಿ ಮಾಮ ನಿಂತು ನೋಡುತ್ತಿದ್ದರು. ಒಂದು ಹಳದಿ ಸೀರೆ ಬಂದಾಗ ಮಾತ್ರ ಒಳಗೆ ಹೋಗಿಬಿಟ್ಟರು. ಅದೇಕೆ ಎಂದು ನಾನು ಕೇಳಲಿಲ್ಲ.

ಶನಿವಾರ ಮಳೆ ಸ್ವಲ್ಪ ಬಿಟ್ಟಿತ್ತು. ನಾನೂ ನಮ್ಮ ಮನೆಯವರೂ ಮದುವೆಗೆ ಹೋದೆವು; ಇವರು ಇಗರ್ಜಿಯೊಳಗೆ ಚಪ್ಪಲಿ ಹಾಕಬಹುದೇ ಬಿಡಬೇಕೇ ಎಂದು ಬಾಗಿಲಲ್ಲೇ ಗೊಂದಲ ಮಾಡಿಕೊಂಡರು. ಹಿಂದಿನ ಬೆಂಚುಗಳಲ್ಲಿ ದಂಡೆಯ ಹೆಂಗಸರು ಕೂತಿದ್ದರು. ಕಡಲಹಸಿರು, ಹಳದಿ, ನೀಲಿ ಚೌಕಳಿ, ಕುಂಕುಮ ಬಣ್ಣ. ಟ್ರಂಕಿನಲ್ಲಿದ್ದದ್ದೆಲ್ಲ ಅಲ್ಲಿತ್ತು. ಬಿಳಿ ಗೌನಿನ ರೀಟಾಳ ಕೈ ಹಿಡಿದು ಒಳಗೆ ಬಂದ ಅಂತೋನಿ ಮಾಮ ಆ ಬೆಂಚುಗಳ ಹತ್ತಿರ ನಿಂತುಬಿಟ್ಟರು. ಮುಂದೆ ಹಾಡು ಶುರುವಾಗಿತ್ತು, ಪಾದ್ರಿಗಳು ಕಾಯುತ್ತಿದ್ದರು. ಮಾಮ ಒಂದೊಂದೇ ಸೀರೆ ನೋಡಿದರು. ಆಮೇಲೆ ಮಗಳಿಗೆ ಕೊಂಕಣಿಯಲ್ಲಿ, "ಮಾಂಯ್ ಆಯ್ಲ್ಯಾ" ಎಂದರು. ಅಮ್ಮ ಬಂದಿದ್ದಾಳೆ ಎಂದು. ಆ ಹೆಂಗಸರ ಹಿಂದೆಯೇ ಕೂತಿದ್ದ ನನಗೆ ಕೇಳಿಸಿತು.

ಆ ಮಳೆಗಾಲದ ನಂತರ ಸಿಸ್ಟರ್ ಲೀನಾ ತಟ್ಟೆ ಬಡಿಯುವುದನ್ನು ಬಿಟ್ಟರು. ಮಧ್ಯಾಹ್ನ ಕೇರಿಯ ಬಾಗಿಲಿಗೆ ಹೋಗಿ ಹೆಸರು ಹಿಡಿದು ಕರೆಯುತ್ತಿದ್ದರು, ಅವರ ಮಂಗಳೂರು ರಾಗದಲ್ಲಿ. ಈಗ ಅವರಿಗೆ ಬೇರೆ ಕಡೆ ವರ್ಗವಾಗಿದೆ. ಬಟ್ಟೆಯ ಮೂಟೆಗಳು ಮಾತ್ರ ಈಗಲೂ ಬರುತ್ತವೆ, ಹೆಚ್ಚಿನವು ಹೊನ್ನಾವರದ ಬದಲು ನೇರ ಕುಮಟೆಗೆ, ನನ್ನ ಅಂಗಡಿಗೆ. ಅಳತೆ ತೆಗೆದು ಹೊಲಿದು ನಾನೇ ಕೊಡುತ್ತೇನೆ. ಸಾಹೇಬರ ಥಾನೂ ಬರುತ್ತದೆ, ಅದೇ ಕೆಸರು ಬಣ್ಣ.

ಮೂಟೆ ಬಿಚ್ಚಿದ ಮೇಲೆ ನನ್ನದೊಂದು ಕೆಲಸ ಉಂಟು. ಇದ್ದವರದ್ದೋ ಸತ್ತವರದ್ದೋ ನನಗೆ ಹೇಗೆ ಗೊತ್ತಾಗಬೇಕು? ಹಾಗಾಗಿ ಒಂದೊಂದನ್ನೂ ಮೈಮೇಲೆ ಹಾಕಿಕೊಳ್ಳುತ್ತೇನೆ. ಸೀರೆ, ಶರಟು, ಬಾಂಬೆಯ ಕೋಟು, ಯಾವುದನ್ನೂ ಬಿಡುವುದಿಲ್ಲ. ಕಪ್ಪು ಕೋಟು ಹಾಕಿಕೊಂಡು ಕನ್ನಡಿಯ ಮುಂದೆ ನಿಂತಾಗ ನಮ್ಮ ಮನೆಯವರು ಬಂದು, "ವಕೀಲರೇ, ನಮ್ಮ ಊಟದ ಕೇಸು ಯಾವಾಗ?" ಎಂದಿದ್ದರು. ನಾನು ಯಾರ ಮಗಳೂ ಅಲ್ಲ ಆ ಬಟ್ಟೆಯವರಿಗೆ, ಗೊತ್ತು. ಆದರೂ ಯಾರಾದರೂ ಒಬ್ಬರು ಮಗಳಾಗಬೇಕಲ್ಲ.

ಹೊನ್ನಾವರದಲ್ಲಿ ಗಂಜಿ ಕುಡಿದು ಬಂದ ಮರುದಿನ ಅಘನಾಶಿನಿಯ ಕಡೆಯಿಂದ, ಹೊಳೆಯಲ್ಲಿ ಬಳಚಿನ ಚಿಪ್ಪು ಆರಿಸುವ ಹೆಂಗಸೊಬ್ಬಳು ಅಂಗಡಿಗೆ ಬಂದಳು. ಮಳೆಗೆ ಹೊಳೆಯಲ್ಲಿ ಬಳಚು ಇಲ್ಲ, ಕೆಲಸ ಇಲ್ಲ, ಯಾರೋ ಇಲ್ಲಿಗೆ ಕಳಿಸಿದ್ದರು. ಒಂದು ನೀಲಿ ಸೀರೆ ತೆಗೆದು ಹಿಡಿದೆ. ಅವಳು ಕೈ ಚಾಚಲಿಲ್ಲ.

"ಇದು ಯಾರು ಉಟ್ಟದ್ದು?"

"ನಾನು" ಎಂದೆ.

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಆತು, ಕೊಡಿ" ಎಂದಳು.